ಎಂಜಿನ್ನಿನ ಮಡಿ

ಹಳೆಯ ಮೋಟಾರು ಕಾರುಗಳಲ್ಲಿ, ಅದರಲ್ಲಿಯೂ ವೇಗಕ್ಕಾಗಿಯೂ ವಿನೋದಕ್ಕಾಗಿಯೂ ನಿರ್ಮಿತವಾದ ಸಣ್ಣ ಸ್ಪೋರ್ಟ್ಸ್ ಕಾರುಗಳಲ್ಲಿ, ಆಸಕ್ತಿಯುಳ್ಳವರ ನಡುವೆ ಕೆಲವು ದಶಕಗಳಿಂದ ಒಂದು ಅಭಿಪ್ರಾಯವು ಶಾಸ್ತ್ರವಚನದ ಗೌರವವನ್ನು ಪಡೆದು ನಿಂತಿದೆ. ಕಾರ್ಖಾನೆಯಿಂದ ಹೊರಬಂದ ದಿನ ಯಾವ ಎಂಜಿನ್ನು ಕಾರಿನ ಒಡಲಲ್ಲಿ ಇದ್ದಿತೋ, ಅದೇ ಸಂಖ್ಯೆಯನ್ನು ಹೊತ್ತ ಅದೇ ಎಂಜಿನ್ನು ಇರುವತನಕ ಮಾತ್ರ ಅದು ಆ ಕಾರು. ಅದನ್ನು ಇಳಿಸಿ ಬೇರೊಂದನ್ನು ಕೂಡಿಸಿದ ಕ್ಷಣದಲ್ಲಿ ಕಾರು ಭ್ರಷ್ಟವಾಯಿತು. ಮೂಲ ಎಂಜಿನ್ನು ಕೆಟ್ಟುಹೋಗಿ ಅಂತಹುದೇ ಮತ್ತೊಂದು ದೊರೆಯದಿದ್ದರೆ ಅದನ್ನು ಷೆಡ್ಡಿನಲ್ಲಿ ಹಾಗೆಯೇ ನಿಲ್ಲಿಸಿಡುವುದು ಲೇಸು. ಇನ್ನು ಮನೆಯ ಹಿತ್ತಲಿನಲ್ಲಿ, ಊರಿನ ಫಿಟ್ಟರೊಬ್ಬನ ನೆರವಿನಿಂದ, ಅಂತಹ ಕೆಲಸಕ್ಕೆ ಕೈಹಾಕುವುದಂತೂ ಅಪಚಾರವೇ ಸರಿ ಎಂಬುದು ಆ ಅಭಿಪ್ರಾಯ. ಈ ಮತವು ಅಸತ್ಯವೆಂದೂ, ತಾನು ರಕ್ಷಿಸಹೊರಟ ವಸ್ತುವನ್ನೇ ಅದು ನಾಶಮಾಡುತ್ತಿದೆಯೆಂದೂ, ವಿವೇಕದಿಂದ ನಡೆಸಿದ ಎಂಜಿನ್ನಿನ ಬದಲಾವಣೆಯು ಹಳೆಯ ಕಾರಿನ ಜೀರ್ಣೋದ್ಧಾರಕ್ಕೆ ಯುಕ್ತವಾದ ಮಾರ್ಗವೆಂದೂ ನಾನು ದೃಢವಾಗಿ ನಂಬಿದ್ದೇನೆ. ಆ ನಂಬಿಕೆಗೆ ಕಾರಣಗಳನ್ನು ಇಲ್ಲಿ ಹೇಳುತ್ತೇನೆ.

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ ಕುಳಿತು ಈ ವಿಷಯವನ್ನು ಆಲೋಚಿಸುವವನಿಗೆ ಆ ಮತದ ದೌರ್ಬಲ್ಯವು ಬೇರೆ ಊರಿನವರಿಗಿಂತ ಬೇಗನೆ ಗೋಚರಿಸುತ್ತದೆ. ಇದು ಯಂತ್ರಗಳಿಂದ ಬದುಕಿದ ಊರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಈ ಬಯಲಿಗೆ ಕಾಲಿಟ್ಟ ಮೇಲೆ ಗಣಿಯ ನೀರನ್ನೆತ್ತುವುದಕ್ಕೂ, ಅದಿರನ್ನು ಕುಟ್ಟುವುದಕ್ಕೂ, ಆಳದಿಂದ ಮನುಷ್ಯರನ್ನು ಮೇಲಕ್ಕೆಳೆಯುವುದಕ್ಕೂ ಮೊದಮೊದಲು ಆಧಾರವಾಗಿದ್ದುದು ಹಬೆ. ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದಾಗ ಸಂಕಲ್ಪಿತವಾಗಿ, ಜೋಲಿ ಡಿ ಲಾಟ್ಬಿನಿಯೇರ್ ಎಂಬ ಎಂಜಿನಿಯರು ರೂಪಿಸಿದ ಯೋಜನೆಯಂತೆ, ಶಿವನಸಮುದ್ರದ ಕಾವೇರಿಯ ಧುಮುಕಿನಿಂದ 92 ಮೈಲಿಗಳ ತಂತಿಯ ಮೇಲೆ 1902ರಲ್ಲಿ ಇಲ್ಲಿಗೆ ವಿದ್ಯುತ್ತು ಬಂದಿತು. ಬಂದ ಮೇಲೆ ಹಬೆಯ ಯಂತ್ರಗಳು ಕ್ರಮಕ್ರಮವಾಗಿ ತಮ್ಮ ಸ್ಥಾನವನ್ನು ವಿದ್ಯುತ್ ಮೋಟಾರುಗಳಿಗೆ ಬಿಟ್ಟುಕೊಟ್ಟವು. ಗಿರಣಿಯು ಆಗಲೂ ಅದೇ ಗಿರಣಿ, ಬಾವಿಯು ಅದೇ ಬಾವಿ, ಚಾಂಪಿಯನ್ ರೀಫ್ ಗಣಿಯು ಅದೇ ಚಾಂಪಿಯನ್ ರೀಫ್ ಗಣಿ. ಚಾಲಕಶಕ್ತಿಯು ಬದಲಾದುದರಿಂದ ಗಣಿಯು ಭ್ರಷ್ಟವಾಯಿತೆಂದು ಹೇಳುವ ಮಾತು ಅಂದಿನ ಯಾವ ಮೇಸ್ತ್ರಿಗೂ ಅರ್ಥವಾಗುತ್ತಿರಲಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಆ ಗಣಿಯು ಇಳಿದುದು, ತನ್ನ ಮೊದಲ ಎಂಜಿನ್ನುಗಳನ್ನು ತ್ಯಜಿಸಲು ಅದು ಸಿದ್ಧವಿದ್ದುದರಿಂದಲೇ.

ಇದಕ್ಕೆ ವಿರುದ್ಧವಾದ ಪಾಠವನ್ನೂ ಇದೇ ನೆಲ ಕಲಿಸಿದೆ. 2001ರ ಫೆಬ್ರವರಿ 28ರಂದು, ಈ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಬಾಗಿಲು ಹಾಕಿತು. ಅಂದಿನಿಂದ ಇಲ್ಲಿನ ಯಂತ್ರಗಳಿಗೆ ಯಾರೂ ಹೊಸ ಮೋಟಾರನ್ನು ಕೂಡಿಸಲಿಲ್ಲ, ಯಾವುದರ ಒಂದು ಬೋಲ್ಟನ್ನೂ ಅನ್ಯವಾದುದರಿಂದ ತುಂಬಲಿಲ್ಲ. ಬಾವಿಗಳಲ್ಲಿ ನೀರು ಏರಿತು. ಬಾವಿಯ ಬಾಯಿಯ ಮೇಲೆ ನಿಂತ ಉಕ್ಕಿನ ಗೋಪುರಗಳು ತುಕ್ಕು ಹಿಡಿದವು. ಬದಲಾಯಿಸದೆ ಬಿಟ್ಟ ಯಂತ್ರಕ್ಕೆ ಒದಗುವ ಗತಿಯನ್ನು ನೋಡಬಯಸುವವರು ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲನ್ನು ಹತ್ತಿ, ಕೋರಮಂಡಲ್, ಊರುಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟುತ್ತ ಕಿಟಕಿಯ ಹೊರಗೆ ದೃಷ್ಟಿಯನ್ನು ಹಾಯಿಸಿದರೆ ಸಾಕು. ಆ ರೈಲಾದರೂ ಓಡುತ್ತಿರುವುದು ಹೇಗೆ? ಹಬೆಯ ಎಂಜಿನ್ನು ಹೋಗಿ ಡೀಸೆಲ್ ಬಂದಿತು, ಡೀಸೆಲ್ ಹೋಗಿ ವಿದ್ಯುತ್ತು ಬಂದಿತು. ಬೆಂಗಳೂರಿನ ದುಡಿಮೆಗೆ ನಸುಕಿನಲ್ಲಿ ಹೊರಡುವ ಸಾವಿರಾರು ಮಂದಿಯನ್ನು ಅದು ಇಂದಿಗೂ ಹೊರುತ್ತಿದೆ.

ಪೂಜ್ಯವಾದ ಹಳೆಯ ವಸ್ತುವಿಗೆ ಈ ನ್ಯಾಯ ಸಲ್ಲದೆಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರವಾಗಿ ಒಂದು ತೇರನ್ನು ನೋಡೋಣ. ಈ ಊರಿನ ಗಣಿಕೆಲಸಗಾರರ ಹಿರಿಯರಲ್ಲಿ ಬಹುಮಂದಿ ಬಂದುದು ತಮಿಳು ಸೀಮೆಯಿಂದ. ಅಲ್ಲಿನ ತಿರುವಾರೂರಿನ ತ್ಯಾಗರಾಜಸ್ವಾಮಿಯ ತೇರು ದಕ್ಷಿಣದೇಶದ ಮಹಾರಥಗಳಲ್ಲಿ ಅಗ್ರಗಣ್ಯವಾದುದು. ಆ ತೇರಿಗೆ ತಿರುಚಿರಾಪಳ್ಳಿಯ ಬಿ.ಎಚ್.ಇ.ಎಲ್. ಕಾರ್ಖಾನೆಯವರು ಉಕ್ಕಿನ ಅಚ್ಚುಗಳನ್ನೂ, ದ್ರವದ ಒತ್ತಡದಿಂದ ನಡೆಯುವ ಬ್ರೇಕನ್ನೂ ಅಳವಡಿಸಿಕೊಟ್ಟಿದ್ದಾರೆ. ತೇರಿನ ಮಿಣಿಯನ್ನು ಹಿಡಿದೆಳೆಯುವ ಭಕ್ತರಲ್ಲಿ ಒಬ್ಬನಾದರೂ ಇದು ಮೊದಲಿನ ತೇರಲ್ಲವೆಂದು ಕೈಬಿಟ್ಟುದನ್ನು ಕೇಳಿದವರಿಲ್ಲ. ರಥವು ರಥವಾಗುವುದು ಬೀದಿಯಲ್ಲಿ ಚಲಿಸಿದಾಗ. ಅದು ಚಲಿಸುವಂತೆ ಮಾಡಿದವನು ಅದಕ್ಕೆ ಸೇವೆಯನ್ನೇ ಸಲ್ಲಿಸಿದ್ದಾನೆ. ದೇವರ ರಥಕ್ಕೆ ಸಮ್ಮತವಾದ ಧರ್ಮವು ಮನುಷ್ಯನ ಎರಡು ಸೀಟಿನ ಕಾರಿಗೆ ಅಸಮ್ಮತವಾಗುವುದು ಹೇಗೆಂಬುದು ನನಗೆ ಇದುವರೆಗೆ ತಿಳಿದುಬಂದಿಲ್ಲ.

ಆದರೆ ಈ ಮತವನ್ನು ಖಂಡಿಸುವುದಕ್ಕೆ ಗಣಿಯ ಬಳಿಗೂ ದೇವಸ್ಥಾನದ ಬಳಿಗೂ ಹೋಗಬೇಕಾದ ಅಗತ್ಯವೇ ಇಲ್ಲ. ಸ್ಪೋರ್ಟ್ಸ್ ಕಾರಿನ ವಂಶಚರಿತ್ರೆಯೇ ಸಾಲುತ್ತದೆ. ಎರಡನೆಯ ಮಹಾಯುದ್ಧದ ಅನಂತರ ಜಗತ್ತಿನ ಮನಸ್ಸನ್ನು ಸೂರೆಗೊಂಡ ಎಂ.ಜಿ. ಟಿ.ಸಿ. ಎಂಬ ಕಾರನ್ನು ತೆಗೆದುಕೊಳ್ಳಿ. ಅದರ 1250 ಸಿ.ಸಿ. ಎಂಜಿನ್ನು, ಸಂಸಾರಸ್ಥರ ಮಾರಿಸ್ ಟೆನ್ ಕಾರಿನ 1140 ಸಿ.ಸಿ. ಎಂಜಿನ್ನಿನಿಂದ ಬೆಳೆಸಿದುದು, ಆ ಮಾರಿಸ್ ಟೆನ್ನೇ ನಮ್ಮ ದೇಶದಲ್ಲಿ ಹಿಂದುಸ್ಥಾನ್ 10 ಎಂಬ ಹೆಸರಿನಿಂದ ಓಡಾಡಿತು. 1955ರ ಎಂ.ಜಿ.ಎ. ಕಾರಿನ 1489 ಸಿ.ಸಿ. ಎಂಜಿನ್ನು ನಮ್ಮ ಅಂಬಾಸಿಡರಿನ ಎಂಜಿನ್ನಿಗೆ ಒಡಹುಟ್ಟಿದುದು. ಕಾರ್ಬುರೇಟರು, ಕ್ಯಾಮು, ಸಂಪೀಡನದ ಪ್ರಮಾಣ ಇವುಗಳಲ್ಲಿ ಅಂತರವುಂಟು, ಬ್ಲಾಕಿನ ಕುಲ ಒಂದೇ. ಟ್ರಯಂಫ್ ಟಿ.ಆರ್. 2 ಕಾರಿಗೆ ಶಕ್ತಿಯನ್ನು ಕೊಟ್ಟುದು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಎಂಬ ಗಂಭೀರವಾದ ಕಾರಿನ ಎಂಜಿನ್ನು; ಅದರ ಸೋದರನೇ ಫರ್ಗುಸನ್ ಟ್ರ್ಯಾಕ್ಟರಿನಲ್ಲಿ ನೇಗಿಲನ್ನು ಎಳೆಯಿತು; ಮಾರ್ಗನ್ ಸಂಸ್ಥೆಯವರು ಅದನ್ನೇ ಕೊಂಡು ತಮ್ಮ ಪ್ಲಸ್ ಫೋರ್ ಕಾರಿನಲ್ಲಿಟ್ಟರು. ಒಂದು ವಾಹನಕ್ಕೆಂದು ಹುಟ್ಟಿದ ಎಂಜಿನ್ನನ್ನು ಮತ್ತೊಂದು ವಾಹನದಲ್ಲಿ ಕೂಡಿಸುವುದೇ ಸ್ಪೋರ್ಟ್ಸ್ ಕಾರು ಎಂಬ ಪ್ರಕಾರದ ಜನ್ಮರಹಸ್ಯ.

ಎ.ಸಿ. ಏಸ್ ಎಂಬ ಸುಂದರವಾದ ಇಂಗ್ಲಿಷ್ ಕಾರಿನ ಚರಿತ್ರೆಯು ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ. 1953ರಲ್ಲಿ ಅದು ಹೊರಬಂದಾಗ ಅದರೊಳಗಿದ್ದುದು, ಮೊದಲನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಜಾನ್ ವೆಲ್ಲರ್ ರಚಿಸಿದ ಆರು ಸಿಲಿಂಡರಿನ ಎಂಜಿನ್ನು. 1956ರಲ್ಲಿ ಅದರ ಸ್ಥಾನಕ್ಕೆ ಬ್ರಿಸ್ಟಲ್ ಎಂಜಿನ್ನು ಬಂದಿತು. ಅದರ ರಚನೆಯ ಮೂಲವಾದರೋ ಜರ್ಮನಿಯ ಬಿ.ಎಂ.ಡಬ್ಲ್ಯು. ಮುಂದೆ ಫೋರ್ಡ್ ಜೆಫಿರ್ ಕಾರಿನ 2.6 ಲೀಟರಿನದು, 1962ರಲ್ಲಿ ಕ್ಯಾರಲ್ ಶೆಲ್ಬಿ ಎಂಬಾತನ ಕೈಯಲ್ಲಿ ಅಮೆರಿಕದ ಫೋರ್ಡ್ ವಿ-8 ಎಂಜಿನ್ನು. ಆ ಕೊನೆಯ ಬದಲಾವಣೆಯಿಂದ ಹುಟ್ಟಿದ ಕೋಬ್ರಾ ಕಾರನ್ನು ಇಂದು ಹರಾಜಿನಲ್ಲಿ ಅಪಾರ ಧನವನ್ನು ಕೊಟ್ಟು ಕೊಳ್ಳುವವರೇ, ಬಡ ಹವ್ಯಾಸಿಯೊಬ್ಬನು ತನ್ನ ಕಾರಿಗೆ ಬೇರೊಂದು ಎಂಜಿನ್ನನ್ನು ಕೂಡಿಸಿದನೆಂದು ಮುಖ ಸಿಂಡರಿಸುತ್ತಾರೆ. ಕೆನ್ ಕಾಸ್ಟೆಲ್ಲೊ ಎಂಬಾತನು ಸ್ವಂತ ಸಾಹಸದಿಂದ ಎಂ.ಜಿ.ಬಿ. ಕಾರುಗಳಲ್ಲಿ ರೋವರ್ ವಿ-8 ಎಂಜಿನ್ನನ್ನು ಕೂಡಿಸಿ ಮಾರುತ್ತಿದ್ದುದನ್ನು ಕಂಡ ಬಳಿಕ, 1973ರಲ್ಲಿ ಎಂ.ಜಿ. ಕಾರ್ಖಾನೆಯೇ ಅಂತಹ ಕಾರನ್ನು ಹೊರತಂದಿತು. ಖಾಸಗಿಯವನೊಬ್ಬನು ಮಾಡಿದುದು ಅಶಾಸ್ತ್ರೀಯ, ಕಾರ್ಖಾನೆಯ ಮುದ್ರೆ ಬಿದ್ದೊಡನೆ ಅದೇ ಕೃತ್ಯ ಶಾಸ್ತ್ರೀಯ ಎನ್ನುವುದಾದರೆ, ಇಲ್ಲಿ ಪೂಜೆಗೊಳ್ಳುತ್ತಿರುವುದು ಯಂತ್ರವಿದ್ಯೆಯಲ್ಲ, ಮುದ್ರೆ.

ನಮ್ಮ ದೇಶದ ಕಾರ್ಖಾನೆಗಳನ್ನಾದರೂ ನೋಡೋಣ. 1980ರ ದಶಕದ ನಡುವಿನಲ್ಲಿ ಹಿಂದುಸ್ಥಾನ್ ಮೋಟಾರ್ಸಿನವರು ವಾಕ್ಸ್‌ಹಾಲ್ ವಿಕ್ಟರಿನ ಒಡಲಿಗೆ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನನ್ನು ಕೂಡಿಸಿ ಕಾಂಟೆಸಾ ಎಂದರು. ಪ್ರೀಮಿಯರಿನವರು ಫಿಯಟ್ 124ರ ಒಡಲಿಗೆ ನಿಸಾನಿನ ಎಂಜಿನ್ನನ್ನು ಕೂಡಿಸಿ 118 ಎನ್.ಇ. ಎಂದರು, ಮದರಾಸಿನ ಸ್ಟ್ಯಾಂಡರ್ಡ್ ಮೋಟಾರಿನವರು ರೋವರ್ ಎಸ್.ಡಿ. 1ರ ಒಡಲಿಗೆ ಹಳೆಯ ವ್ಯಾನ್‌ಗಾರ್ಡಿನ ಸಂತತಿಯ 1991 ಸಿ.ಸಿ. ಎಂಜಿನ್ನನ್ನು ಕೂಡಿಸಿ ಸ್ಟ್ಯಾಂಡರ್ಡ್ 2000 ಎಂದರು. ಕೆಲವು ವರ್ಷಗಳಲ್ಲಿ ಕಾಂಟೆಸಾಕ್ಕೂ, ತರುವಾಯ ಅಂಬಾಸಿಡರಿಗೂ ಜಪಾನಿನ ಇಸುಜು ಎಂಜಿನ್ನು ಬಂದಿತು. ಇವುಗಳಲ್ಲಿ ಕೆಲವು ಒಳ್ಳೆಯ ಜೋಡಿಗಳು, ಸ್ಟ್ಯಾಂಡರ್ಡ್ 2000 ದುರ್ಬಲವಾದ ಜೋಡಿ. ಒಡಲಿಗೂ ಎಂಜಿನ್ನಿಗೂ ಹೊಂದಿಕೆಯಿದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸಿ ಗುಣದೋಷಗಳನ್ನು ಹೇಳುವುದು ವಿಮರ್ಶೆ. ಎರಡೂ ಒಂದೇ ದಿನ ಹುಟ್ಟಿದುವೇ ಎಂದು ಮಾತ್ರ ಕೇಳುವುದು ವಿಮರ್ಶೆಯಲ್ಲ.

ಈಗ ನನ್ನ ಮನಸ್ಸನ್ನು ಹೆಚ್ಚು ನೋಯಿಸುವ ವಿಷಯಕ್ಕೆ ಬರುತ್ತೇನೆ. ಸ್ವಾತಂತ್ರ್ಯ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಹೊರದೇಶದ ಕಾರುಗಳ ಆಮದಿಗೆ ಕಠಿಣವಾದ ನಿರ್ಬಂಧಗಳು ಬಿದ್ದವು. ಕಾರುಗಳನ್ನು ಇಲ್ಲಿ ಜೋಡಿಸುತ್ತಿದ್ದ ಅಮೆರಿಕದ ದೊಡ್ಡ ಸಂಸ್ಥೆಗಳು 1950ರ ದಶಕದ ಮೊದಲ ಭಾಗದಲ್ಲಿಯೇ ಹಿಂತೆಗೆದವು. ಅದಕ್ಕೆ ಮುಂಚೆ ಬಂದಿದ್ದ ಎಂ.ಜಿ., ಟ್ರಯಂಫ್, ಸಿಂಗರ್, ರೈಲಿ ಮುಂತಾದ ಕಾರುಗಳು ತಮ್ಮ ತಾಯ್ನಾಡಿನ ಸಂಬಂಧವನ್ನು ಕಡಿದುಕೊಂಡು ಇಲ್ಲಿ ಉಳಿದುವು. ಪಿಸ್ಟನ್ನು ದೊರೆಯದು, ಬೇರಿಂಗು ದೊರೆಯದು, ತಲೆಯ ಗ್ಯಾಸ್ಕೆಟ್ಟೂ ದೊರೆಯದು. ಆ ಕಾಲದಲ್ಲಿ ಅವುಗಳನ್ನು ಉಳಿಸಿದವರು ಯಾರು? ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು, ಶಿವಾಜಿನಗರದ ಗುಜರಿಯಲ್ಲಿ ಹಗಲೆಲ್ಲ ಹುಡುಕಿದ ಮೆಕ್ಯಾನಿಕ್ಕುಗಳು, ರಾಬರ್ಟ್‌ಸನ್‌ಪೇಟೆ ಆಂಡರ್ಸನ್‌ಪೇಟೆಗಳಂತಹ ಬೀದಿಗಳಲ್ಲಿ ಲೇತ್ ಇಟ್ಟುಕೊಂಡ ಟರ್ನರುಗಳು. ಕೆಟ್ಟ ಎಂಜಿನ್ನನ್ನು ಇಳಿಸಿ ಅಂಬಾಸಿಡರಿನದನ್ನೋ ಫಿಯಟ್ಟಿನದನ್ನೋ ಏರಿಸಿ, ಅದು ಕೂರುವುದಕ್ಕೆ ತಕ್ಕ ಮೌಂಟುಗಳನ್ನು ತಾವೇ ಬೆಸುಗೆ ಹಾಕಿ, ಗೇರುಬಾಕ್ಸಿಗೂ ಎಂಜಿನ್ನಿಗೂ ನಡುವೆ ಉಕ್ಕಿನ ತಟ್ಟೆಯೊಂದನ್ನು ಕೊರೆದು, ಪ್ರೊಪೆಲ್ಲರ್ ಷಾಫ್ಟನ್ನು ಕತ್ತರಿಸಿ ಸಮತೂಕಕ್ಕೆ ತಂದು, ಅವರು ಕಾರುಗಳನ್ನು ಓಡಿಸಿದರು. ಓಡುತ್ತಿದ್ದುದರಿಂದ ಅವುಗಳಿಗೆ ಮಾಲೀಕರಿದ್ದರು. ಮಾಲೀಕರಿದ್ದುದರಿಂದ ಮಳೆಬಿಸಿಲುಗಳಿಂದ ಆಶ್ರಯವಿದ್ದಿತು. ಆಶ್ರಯವಿದ್ದುದರಿಂದ ಒಡಲು ಉಳಿಯಿತು.

ಐವತ್ತು ವರ್ಷಗಳ ತರುವಾಯ ಅದೇ ಕಾರನ್ನು ಶ್ರೀಮಂತರೊಬ್ಬರು ಕೊಂಡು, ಅದರೊಳಗಿನ ಅಂಬಾಸಿಡರ್ ಎಂಜಿನ್ನನ್ನು ಅಸಹ್ಯದಿಂದೆಂಬಂತೆ ಹೊರಗೆಸೆದು, ಇಂಗ್ಲೆಂಡಿನಿಂದ ತರಿಸಿದ ಮತ್ತಾವುದೋ ಕಾರಿನ ಎಂಜಿನ್ನನ್ನು ಅಲ್ಲಿ ಕೂರಿಸಿ, ಕಾರನ್ನು ಅದರ ಮೂಲಸ್ವರೂಪಕ್ಕೆ ತಂದೆವೆಂದು ಪ್ರದರ್ಶನದಲ್ಲಿ ಬಹುಮಾನವನ್ನು ಪಡೆಯುತ್ತಾರೆ. ಹೊರಗೆಸೆಯಲ್ಪಟ್ಟ ಆ ಎಂಜಿನ್ನು ಇಲ್ಲದಿದ್ದಲ್ಲಿ ಕಾರು 1965ರ ಸುಮಾರಿಗೇ ಗುಜರಿಯವನ ತಕ್ಕಡಿಯನ್ನು ಏರಿ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದಿತು. ಆ ಕಾರಿನ ಭಾರತೀಯ ಜೀವನಚರಿತ್ರೆಯ ದೀರ್ಘವಾದ ಅಧ್ಯಾಯವೊಂದು ಆ ಎಂಜಿನ್ನಿನಲ್ಲಿ ಬರೆದಿದ್ದಿತು. ಮೇಸ್ತ್ರಿಯ ಬೆಸುಗೆಯ ಗೆರೆ, ಲೇತಿನ ಉಳಿಯ ಗುರುತು, ಇವು ಕಾರ್ಖಾನೆಯ ಅಂಕಿಗಿಂತ ಯಾವ ವಿಧದಲ್ಲಿಯೂ ಕೀಳಾದ ಚಾರಿತ್ರಿಕ ಸಾಕ್ಷ್ಯಗಳಲ್ಲ. ಚರಿತ್ರೆಯ ಹೆಸರಿನಲ್ಲಿ ಚರಿತ್ರೆಯನ್ನು ಅಳಿಸುವ ಈ ಕೃತ್ಯವನ್ನು ನಾನು ಅಕೃತಜ್ಞತೆಯೆಂದು ಕರೆಯುತ್ತೇನೆ. ಅದಕ್ಕಿಂತ ಮೃದುವಾದ ಪದವನ್ನು ಹುಡುಕುವ ಇಚ್ಛೆ ನನಗಿಲ್ಲ.

ಮೂಲ ಎಂಜಿನ್ನು ಎಂಬುದಾದರೂ ಎಷ್ಟರ ಮಟ್ಟಿಗೆ ಮೂಲ? ನಮ್ಮ ಧೂಳಿನ ರಸ್ತೆಗಳಲ್ಲಿ ಅರ್ಧ ಶತಮಾನ ದುಡಿದ ಎಂಜಿನ್ನಿನ ಸಿಲಿಂಡರುಗಳನ್ನು ಮೊದಲು ಇಂಚಿನ ಸಾವಿರದಲ್ಲಿ 20 ಭಾಗ, ಆಮೇಲೆ 40, ಆಮೇಲೆ 60 ಎಂದು ಪದೇ ಪದೇ ರಿಬೋರು ಮಾಡಿರುತ್ತಾರೆ. ಇನ್ನೂ ಮುಂದುವರಿದರೆ ಲೋಹವೇ ಉಳಿಯದೆಂದು ಹೊಸ ಲೈನರುಗಳನ್ನು ತೂರಿಸಿರುತ್ತಾರೆ. ಕ್ರ್ಯಾಂಕ್ ಷಾಫ್ಟನ್ನು ಅರೆದು ಅರೆದು ಸಣ್ಣದಾಗಿಸಿರುತ್ತಾರೆ. ಪಿಸ್ಟನ್ನು ಮತ್ತಾವುದೋ ವಾಹನದ್ದು, ವಾಲ್ವು ಮತ್ತಾವುದೋ ಊರಿನದು. ಉಳಿದಿರುವುದು ಬ್ಲಾಕಿನ ಹೊರಗೋಡೆಯೂ ಅದರ ಮೇಲೆ ಕೆತ್ತಿದ ಸಂಖ್ಯೆಯೂ ಮಾತ್ರ. ಒಳಗಿನದೆಲ್ಲವನ್ನೂ ಚೂರುಚೂರಾಗಿ ಬದಲಾಯಿಸಬಹುದು, ಎಲ್ಲವನ್ನೂ ಒಮ್ಮೆಗೇ ಬದಲಾಯಿಸಬಾರದು ಎಂಬ ವಿಧಿಗೆ ಯುಕ್ತಿಯ ಬಲವಿಲ್ಲ. ಅದಕ್ಕಿರುವುದು ಮಾರುಕಟ್ಟೆಯ ಬಲ; ಏಕೆಂದರೆ ಚಾಸಿಯ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ಕಾರ್ಖಾನೆಯ ಪುಸ್ತಕದೊಡನೆ ಹೊಂದಿದರೆ ಬೆಲೆ ಏರುತ್ತದೆ. ದಲ್ಲಾಳಿಗೆ ಉಪಯುಕ್ತವಾದ ಒಂದು ಅಳತೆಗೋಲನ್ನು ನಾವು ಸೌಂದರ್ಯಕ್ಕೂ ಸತ್ಯಕ್ಕೂ ಅಳತೆಗೋಲೆಂದು ಒಪ್ಪಿಕೊಂಡುಬಿಟ್ಟಿದ್ದೇವೆ.

ಮನೆಯ ಕೆಲಸವನ್ನು ಕುರಿತ ತಿರಸ್ಕಾರಕ್ಕೂ ಉತ್ತರ ಹೇಳಬೇಕು. ಕಾಲಿನ್ ಚಾಪ್ಮನ್ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತನ್ನ ಮೊದಲ ಕಾರನ್ನು ಕಟ್ಟಿದುದು, ಮುಂದೆ ತನ್ನ ಮಡದಿಯಾದವಳ ತಂದೆಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ; ಲೋಟಸ್ ಎಂಬ ಹೆಸರು ಅಲ್ಲಿಂದ ಹುಟ್ಟಿತು. ಕೂಪರ್ ತಂದೆಮಕ್ಕಳು 1946ರಲ್ಲಿ ಫಿಯಟ್ಟಿನ ಸಣ್ಣ ಕಾರಿನ ಮುಂಭಾಗವನ್ನೂ ಮೋಟಾರ್ ಸೈಕಲ್ಲಿನ ಎಂಜಿನ್ನನ್ನೂ ಜೋಡಿಸಿ ಮಾಡಿದ ಪುಟ್ಟ ರೇಸ್ ಕಾರಿನ ಪರಂಪರೆಯೇ ಮುಂದೆ ಎಂಜಿನ್ನನ್ನು ಚಾಲಕನ ಹಿಂದಕ್ಕೆ ಕಳುಹಿಸಿ ಜಗತ್ತಿನ ರೇಸಿಂಗ್ ವಿದ್ಯೆಯನ್ನು ತಿರುಗಿಸಿತು. ನಮ್ಮಲ್ಲಿ ಕೊಯಮತ್ತೂರಿನ ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ನನ್ನಿಟ್ಟು ರೇಸ್ ಕಾರುಗಳನ್ನು ನಿರ್ಮಿಸಿ ಒಂದು ಪೀಳಿಗೆಯ ತರುಣರಿಗೆ ಓಟವನ್ನು ಕಲಿಸಿದರು. ಇನ್ನು ಕೋಲಾರ ಚಿನ್ನದ ಗಣಿಯ ನೆಲದಲ್ಲಿ ಯಂತ್ರಕೌಶಲವು ಮನೆಮನೆಯ ಆಸ್ತಿ. ಗಣಿಯ ವರ್ಕ್‌ಷಾಪುಗಳಲ್ಲಿ ತಲೆಮಾರುಗಳ ಫಿಟ್ಟರುಗಳೂ ಟರ್ನರುಗಳೂ ತಯಾರಾದರು. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಇಲ್ಲಿನ ಕಾರ್ಖಾನೆಯಲ್ಲಿ ಬುಲ್‌ಡೋಜರುಗಳನ್ನು ಜೋಡಿಸಿದ ಕೈಗಳು ನಿವೃತ್ತವಾಗಿ ಈ ಬೀದಿಗಳಲ್ಲಿಯೇ ಇವೆ. ಬುಲ್‌ಡೋಜರಿನ ಎಂಜಿನ್ನನ್ನು ಗೆರೆ ತಪ್ಪದಂತೆ ಕೂರಿಸಿದವನಿಗೆ ಸಣ್ಣ ಕಾರಿನ ಎಂಜಿನ್ನನ್ನು ಕೂರಿಸಲು ಬಾರದೆಂಬುದು ನಂಬತಕ್ಕ ಮಾತಲ್ಲ.

ಯಾವ ರೀತಿಯ ಕೆಲಸವನ್ನು ನಾನು ಸಮರ್ಥಿಸುತ್ತಿದ್ದೇನೆಂಬುದು ಸ್ಪಷ್ಟವಾಗಲೆಂದು ಒಂದು ಕಾರನ್ನು ಹಿಡಿದು ಹೇಳುತ್ತೇನೆ. ಮದರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಹೆರಾಲ್ಡು, ಕಟ್ಟುನಿಟ್ಟಾಗಿ ಹೇಳಿದರೆ, ಸ್ಪೋರ್ಟ್ಸ್ ಕಾರಲ್ಲ. ಆದರೆ ಟ್ರಯಂಫ್ ಸ್ಪಿಟ್‌ಫೈರ್ ಎಂಬ ನಿಜವಾದ ಸ್ಪೋರ್ಟ್ಸ್ ಕಾರು ಹುಟ್ಟಿದುದು ಇದರ ಚಾಸಿಯನ್ನು ಮೊಟಕುಮಾಡಿ, ಮತ್ತು ಷೋಲಾವರದ ಹಳೆಯ ವಿಮಾನಪಟ್ಟಿಯ ಓಟಗಳಲ್ಲಿ ಹೆರಾಲ್ಡುಗಳು ಪಾಲ್ಗೊಂಡು ಹೆಸರು ಗಳಿಸಿದುವು. ಒಡಲಿನಿಂದ ಪ್ರತ್ಯೇಕವಾದ ಚಾಸಿ, ಮಡ್‌ಗಾರ್ಡುಗಳೊಡನೆ ಇಡಿಯಾಗಿ ಮುಂದಕ್ಕೆ ಬಾಗುವ ಬಾನೆಟ್ಟು, ಇವೆರಡರಿಂದಾಗಿ ಹಿತ್ತಲಿನ ಕೆಲಸಕ್ಕೆ ಇಷ್ಟು ಅನುಕೂಲವಾದ ಕಾರು ನಮ್ಮ ದೇಶದಲ್ಲಿ ಮತ್ತೊಂದು ತಯಾರಾಗಲಿಲ್ಲ. ಬಾನೆಟ್ಟನ್ನು ಬಾಗಿಸಿ ಮುಂಚಕ್ರದ ಮೇಲೆ ಕುಳಿತುಕೊಂಡೇ ಎಂಜಿನ್ನಿನ ಕೆಲಸ ಮಾಡಬಹುದು. ಅದರ 948 ಸಿ.ಸಿ. ಎಂಜಿನ್ನಿನ ಒಂದು ಪ್ರಸಿದ್ಧ ವ್ಯಾಧಿಯೆಂದರೆ, ಕ್ರ್ಯಾಂಕ್ ಷಾಫ್ಟು ಹಿಂದುಮುಂದಕ್ಕೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರುಗಳು ಸವೆದು, ಕೆಳಗಿನ ಎಣ್ಣೆಯ ತೊಟ್ಟಿಯಾದ ಸಂಪಿನೊಳಕ್ಕೆ ಬೀಳುವುದು. ಅವು ಬಿದ್ದ ಮೇಲೆಯೂ ಓಡಿಸಿದರೆ ಕ್ಲಚ್ಚನ್ನು ತುಳಿದಾಗಲೆಲ್ಲ ಷಾಫ್ಟು ಮುಂದಕ್ಕೆ ತಳ್ಳಲ್ಪಟ್ಟು ಬ್ಲಾಕಿನ ಲೋಹವನ್ನೇ ತಿನ್ನುತ್ತದೆ. ಅಂತಹ ಬ್ಲಾಕಿಗೆ ಪುನರ್ಜನ್ಮ ಕಷ್ಟ, ಕಾರ್ಖಾನೆಯೋ 1980ರ ದಶಕದ ಕೊನೆಗೆ ಉತ್ಪಾದನೆಯನ್ನೇ ನಿಲ್ಲಿಸಿತು.

ಆಗ ಮಾಡಬೇಕಾದುದೇನು? ಮಾರುತಿ ಆಮ್ನಿಯ 796 ಸಿ.ಸಿ. ಎಂಜಿನ್ನು ಸುಮಾರು 37 ಅಶ್ವಶಕ್ತಿಯದು. ಹೆರಾಲ್ಡಿನ ಮೂಲ ಎಂಜಿನ್ನಿನದೂ ಹೆಚ್ಚುಕಡಿಮೆ ಅಷ್ಟೇ. ಮಾರುತಿ ಜಿಪ್ಸಿಯ 1298 ಸಿ.ಸಿ. ಎಂಜಿನ್ನು ಅದಕ್ಕಿಂತ ಬಹಳ ಹೆಚ್ಚು ಬಲವುಳ್ಳದ್ದು. ಎರಡೂ ಹಿಂಚಕ್ರಗಳಿಗೆ ಶಕ್ತಿಯನ್ನೊಯ್ಯುವ ವಾಹನಗಳಿಂದ ಬಂದುವು, ಉದ್ದುದ್ದವಾಗಿ ಕೂರತಕ್ಕವು. ಎರಡಕ್ಕೂ ಬಿಡಿಭಾಗಗಳು ಬಂಗಾರಪೇಟೆಯಂತಹ ಊರಿನಲ್ಲಿಯೂ ಸಿಕ್ಕುತ್ತವೆ. ಮಾವಿನ ಮರದ ಕೊಂಬೆಗಲ್ಲ, ನೆಲದಲ್ಲಿ ಭದ್ರವಾಗಿ ಊರಿದ ಕಂಬಗಳ ತೊಲೆಗೆ ಚೈನ್ ಬ್ಲಾಕನ್ನು ಕಟ್ಟಿ ಹಳೆಯದನ್ನು ಎತ್ತಬೇಕು. ಹೊಸದರ ಸಂಪು ಸ್ಟಿಯರಿಂಗ್ ರ‍್ಯಾಕಿಗೂ ಅಡ್ಡತೊಲೆಗೂ ತಗುಲುವುದೇ ಎಂಬುದನ್ನು ಅದನ್ನು ಕೊಳ್ಳುವ ಮುನ್ನ ರಟ್ಟಿನ ಮಾದರಿಯನ್ನಿಟ್ಟು ನೋಡಬೇಕು. ಗೇರುಬಾಕ್ಸಿನಿಂದ ಹೊರಟ ಷಾಫ್ಟಿನ ಕೋನವೂ ಹಿಂದಿನ ಡಿಫರೆನ್ಷಿಯಲ್ಲಿನ ಮೂತಿಯ ಕೋನವೂ ಹೊಂದದಿದ್ದರೆ ಒಂದು ವೇಗದಲ್ಲಿ ಇಡೀ ಕಾರು ನಡುಗುತ್ತದೆ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಚಾಸಿಗೆ ಜೋಡಿಸುವ ಪದ್ಧತಿಯಿದ್ದಿತು. ಈಗಿನ ಆಲ್ಟರ್ನೇಟರಿಗಾದರೆ ಋಣಧ್ರುವವನ್ನು ಚಾಸಿಗೆ ಜೋಡಿಸಬೇಕು. ಇದನ್ನು ಮರೆತವರ ಡಯೋಡುಗಳು ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಫ್ಯೂಯಲ್ ಇಂಜೆಕ್ಷನ್ನಿನ ಎಂಜಿನ್ನಾದರೆ ಪೆಟ್ರೋಲು ಹೆಚ್ಚಿನ ಒತ್ತಡದಲ್ಲಿ ಹರಿಯುವುದರಿಂದ ಹಳೆಯ ಕೊಳವೆಗಳನ್ನು ಒಂದೂ ಉಳಿಸದೆ ಬದಲಾಯಿಸತಕ್ಕದ್ದು. ಇದರಲ್ಲಿ ಉಳಿತಾಯ ನೋಡುವವನು ಬೆಂಕಿಯನ್ನು ಆಹ್ವಾನಿಸುತ್ತಾನೆ.

ಇಲ್ಲಿ ಪೂರ್ವಪಕ್ಷದವರ ಒಂದು ಆಕ್ಷೇಪಣೆಯನ್ನು ನಾನು ಪೂರ್ಣವಾಗಿ ಗೌರವಿಸುತ್ತೇನೆ: ಬಲವನ್ನು ಹೆಚ್ಚಿಸಿದವರಲ್ಲಿ ಹಲವರು ಬ್ರೇಕನ್ನು ಮರೆಯುತ್ತಾರೆ. ಹೆರಾಲ್ಡಿನ ಹಿಂಚಕ್ರಗಳ ಅಚ್ಚು ತೂಗಾಡುವ ಬಗೆಯದು. ವೇಗದ ತಿರುವಿನಲ್ಲಿ ತಟ್ಟನೆ ಆಕ್ಸಿಲರೇಟರನ್ನು ಬಿಟ್ಟರೆ ಹೊರಬದಿಯ ಚಕ್ರ ಒಳಕ್ಕೆ ಮಡಿಚಿಕೊಂಡು ಕಾರು ಹಿಂಬದಿಯಿಂದ ಜಾರುತ್ತದೆ. 1972ರಲ್ಲಿ ಗಜೆಲ್ ಎಂಬ ಹೆಸರಿನಿಂದ ಇದೇ ಕಾರನ್ನು ಮುಂದುವರಿಸಿದಾಗ ಕಾರ್ಖಾನೆಯವರೇ ಆ ಅಚ್ಚನ್ನು ಕೈಬಿಟ್ಟು ಸಾದಾ ಅಚ್ಚನ್ನು ಹಾಕಿದರು. ಆದುದರಿಂದ ಜಿಪ್ಸಿಯ ಎಂಜಿನ್ನನ್ನು ಬಯಸುವವರು ಮೊದಲು ಮುಂಚಕ್ರಗಳಿಗೆ ಡಿಸ್ಕ್ ಬ್ರೇಕನ್ನೂ ಹಿಂಬದಿಗೆ ತಕ್ಕ ಏರ್ಪಾಟನ್ನೂ ಮಾಡಿಕೊಳ್ಳಲಿ. ಅದಾಗದಿದ್ದರೆ ಆಮ್ನಿಯದರಲ್ಲಿ ತೃಪ್ತರಾಗಲಿ. ನನ್ನ ಒಲವು ಆಮ್ನಿಯ ಕಡೆಗೇ. ಕಾರಿನ ಸ್ವಭಾವಕ್ಕೆ ಒಪ್ಪುವ ಬಲವನ್ನು ಕೊಟ್ಟು ಅದನ್ನು ಅದರ ವಯಸ್ಸಿನ ಘನತೆಯಿಂದ ಓಡಿಸುವುದು ಜೀರ್ಣೋದ್ಧಾರ; ಅದಕ್ಕೆ ಅನ್ಯವಾದ ರಭಸವನ್ನು ತುಂಬುವುದು ಬೇರೆ ವಿನೋದ. ಆದರೆ ಈ ದೋಷವು ಅವಿವೇಕದ ದೋಷವೇ ಹೊರತು ಎಂಜಿನ್ನಿನ ಬದಲಾವಣೆಯ ದೋಷವಲ್ಲ. ಮೂಲ ಎಂಜಿನ್ನನ್ನೇ ಉಳಿಸಿಕೊಂಡು ಸವೆದ ಬ್ರೇಕುಗಳಿಂದ ಮೆರವಣಿಗೆಗೆ ಬರುವ ಕಾರುಗಳೂ ಉಂಟು.

ಎಲ್ಲ ಕಾರಿಗೂ ಈ ಚಿಕಿತ್ಸೆಯು ಯುಕ್ತವೆಂದೂ ನಾನು ಹೇಳುವುದಿಲ್ಲ. ಕಾರ್ಖಾನೆಯು ಕೆಲವೇ ಕೆಲವನ್ನು ಮಾಡಿ ಬಿಟ್ಟ ಕಾರು, ಮೂಲ ಎಂಜಿನ್ನಿನೊಡನೆಯೇ ಓಟವೊಂದನ್ನು ಗೆದ್ದು ದಾಖಲೆಯಾದ ಕಾರು, ಇನ್ನೂ ತನ್ನ ಹೃದಯವು ಸ್ವಸ್ಥವಾಗಿರುವ ಕಾರು, ಇವುಗಳನ್ನು ಮುಟ್ಟಬಾರದು. ಎಂಜಿನ್ನನ್ನು ಬದಲಾಯಿಸುವಾಗಲೂ ಚಾಸಿಯನ್ನು ಕತ್ತರಿಸದೆ, ಬೋಲ್ಟಿನಿಂದ ಕೂರುವ ಮೌಂಟುಗಳನ್ನೇ ಮಾಡಿಸಿ, ಇಳಿಸಿದ ಎಂಜಿನ್ನನ್ನು ಗ್ರೀಸ್ ಸವರಿ ಪೆಟ್ಟಿಗೆಯಲ್ಲಿಟ್ಟು, ಏನೇನು ಮಾಡಿದೆವೆಂಬುದನ್ನು ಅಳತೆಗಳೊಡನೆ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಯಾರಾದರೂ ಬಯಸಿದಾಗ ಹಿಂದಿನ ಸ್ಥಿತಿಗೆ ತರಬಹುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟ್ಯೂರಿನ್ ಸನ್ನದು ಕೂಡ ತೆಗೆದ ಮೂಲಭಾಗಗಳನ್ನು ವಾಹನದೊಡನೆ ಕಾಪಾಡಿಡಬೇಕೆಂದು ಬುದ್ಧಿ ಹೇಳುತ್ತದೆ. ಬದಲಾವಣೆಯು ಸಂಭವಿಸುತ್ತದೆಂಬ ತಿಳಿವಳಿಕೆ ಅಲ್ಲಿದೆ.

ಆ ತಿಳಿವಳಿಕೆಯು ನಮ್ಮ ಸರ್ಕಾರದ ನಿಯಮದಲ್ಲಿ ಇಲ್ಲ. 2021ರ ಜುಲೈನಲ್ಲಿ ಪ್ರಕಟವಾದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು, 50 ವರ್ಷ ಮೀರಿದ ಕಾರುಗಳಿಗೂ ದ್ವಿಚಕ್ರಗಳಿಗೂ ವಿಂಟೇಜ್ ವಾಹನವೆಂಬ ಪದವಿಯನ್ನೂ, ವಿ.ಎ. ಅಕ್ಷರಗಳ ಪ್ರತ್ಯೇಕವಾದ ಸಂಖ್ಯೆಯನ್ನೂ ಕೊಟ್ಟಿತು. ಅದು ಸ್ತುತ್ಯವಾದ ಕೆಲಸ; 20,000 ರೂಪಾಯಿಗಳ ಶುಲ್ಕ ಹೆಚ್ಚೆನಿಸಿದರೂ ನಾನು ಅದನ್ನು ದೂರುವುದಿಲ್ಲ. ಆದರೆ ಆ ಪದವಿಗೆ ಅರ್ಹವಾಗಬೇಕಾದರೆ ವಾಹನವು ಮೂಲರೂಪದಲ್ಲಿಯೇ ಇರಬೇಕು, ಚಾಸಿಯಲ್ಲಾಗಲಿ ಒಡಲಿನಲ್ಲಾಗಲಿ ಎಂಜಿನ್ನಿನಲ್ಲಾಗಲಿ ಮಾರ್ಪಾಡಾಗಿರಬಾರದು ಎಂದು ಅದು ವಿಧಿಸಿತು. ದಲ್ಲಾಳಿಯ ಅಳತೆಗೋಲು ಹೀಗೆ ರಾಜಶಾಸನವಾಯಿತು. ಆಮದು ನಿಂತ ಕಾಲದಲ್ಲಿ ಸರ್ಕಾರದ ನೀತಿಯಿಂದಲೇ ಬೇರೆ ಎಂಜಿನ್ನನ್ನು ಆಶ್ರಯಿಸಬೇಕಾಗಿ ಬಂದ ಕಾರು, ಅದೇ ಕಾರಣಕ್ಕಾಗಿ ಇಂದು ಅದೇ ಸರ್ಕಾರದ ಮಾನ್ಯತೆಯನ್ನು ಕಳೆದುಕೊಳ್ಳುವುದು ಅನ್ಯಾಯ. ಸಾಧಾರಣವಾದ ವಾಹನದ ವಿಷಯದಲ್ಲಾದರೋ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ಎಂಜಿನ್ನು ಬದಲಾದರೆ ಅದನ್ನು ನೋಂದಣಿ ಅಧಿಕಾರಿಗೆ ವರದಿಮಾಡಿ ಪ್ರಮಾಣಪತ್ರದಲ್ಲಿ ನಮೂದಿಸಿಕೊಳ್ಳುವ ಮಾರ್ಗವನ್ನು ತೆರೆದಿಟ್ಟಿದೆ. ಎಂಜಿನ್ನು ಬೇರೆಯಾದರೂ ವಾಹನ ಅದೇ ಎಂದು ಕಾನೂನು ಅಲ್ಲಿ ಒಪ್ಪುತ್ತದೆ. ಐದು ವರ್ಷದ ಕಾರಿಗೆ ಒಪ್ಪಿದುದನ್ನು ಐವತ್ತು ವರ್ಷದ ಕಾರಿಗೆ ನಿರಾಕರಿಸುವುದಕ್ಕೆ ಆಧಾರವೇನು?

ನನ್ನ ಬೇಡಿಕೆ ದೊಡ್ಡದಲ್ಲ. ವಿಂಟೇಜ್ ವಾಹನದ ಪ್ರಮಾಣಪತ್ರದಲ್ಲಿ ಮೂಲ ಎಂಜಿನ್ನಿನ ಸಂಖ್ಯೆಗೆ ಒಂದು ಅಂಕಣವನ್ನೂ, ಈಗಿರುವುದರ ಸಂಖ್ಯೆಗೂ ಅದನ್ನು ಕೂಡಿಸಿದ ವರ್ಷಕ್ಕೂ ಮತ್ತೊಂದು ಅಂಕಣವನ್ನೂ ಇಡಲಿ. ಬ್ರೇಕು, ಸ್ಟಿಯರಿಂಗು, ಪೆಟ್ರೋಲಿನ ಕೊಳವೆ, ಮೌಂಟಿನ ಬೆಸುಗೆ ಇವುಗಳನ್ನು ಮೋಟಾರು ವಾಹನ ನಿರೀಕ್ಷಕರು ಎಷ್ಟು ಕಠಿಣವಾಗಿ ಬೇಕಾದರೂ ಪರೀಕ್ಷಿಸಲಿ; ಅದನ್ನು ನಾನೇ ಕೋರುತ್ತೇನೆ. ಕೆ.ಎ. 08 ಎಂಬ ನಮ್ಮ ಊರಿನ ಕಚೇರಿಯಲ್ಲಿ ಪ್ರತಿದಿನವೂ ನಡೆಯುವ ಪರೀಕ್ಷೆಗಳಿಗಿಂತ ಇದು ಕಷ್ಟವಾದುದಲ್ಲ. ಆ ನಿಯಮದ ವ್ಯಾಖ್ಯೆಯಿಂದ ಇದಕ್ಕಾಗಿ ತೆಗೆಯಬೇಕಾದುದು ಎಂಜಿನ್ನು ಎಂಬ ಒಂದೇ ಒಂದು ಪದ.